ಸಂತೆ ಮೈದಾನದ ಗೇಟು ರಾತ್ರಿ ತೆಗೆದಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ವ್ಯಾನಿನಲ್ಲೇ ಮಲಗಿ, ದಾರಿ ಪಕ್ಕ ಅಡುಗೆ ಮಾಡಿಕೊಂಡು ಊರೂರು ತಿರುಗುವ ಹುಡುಗ ಹುಡುಗಿಯರ ಬಗ್ಗೆ ನಿಮ್ಮ ಪುರವಣಿಯಲ್ಲಿ ಲೇಖನ ಬಂದಿತ್ತು. ಚೆನ್ನಾಗಿತ್ತು. ಆದರೆ ಅದಕ್ಕೆ ಬಂದ ಪತ್ರಗಳನ್ನು ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಒಬ್ಬರು ಇದೆಲ್ಲ ದುಡ್ಡಿದ್ದವರ ಶೋಕಿ ಅಂದಿದ್ದರು. ಇನ್ನೊಬ್ಬರು, ಮನೆ ಮಠ ಇಟ್ಟುಕೊಂಡು ಹೀಗೆ ಬೀದಿ ಬೀದಿ ಅಲೆಯುವುದು ಯಾವ ಸುಖಕ್ಕೆ ಎಂದು ಕೇಳಿದ್ದರು. ಎರಡಕ್ಕೂ ಉತ್ತರ ಹೇಳಬಹುದು ಅನಿಸಿತು. ಯಾಕೆಂದರೆ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ನಾನೂ ನಮ್ಮ ಯಜಮಾನರೂ ಇರುವುದು ಒಂದು ಹಳೇ ಮಾರುತಿ ಓಮ್ನಿಯಲ್ಲಿ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಅವರು ಬಸ್ ಡ್ರೈವರ್ ಆಗಿದ್ದವರು. ಇಬ್ಬರೂ ರಿಟೈರ್ ಆದೆವು. ಮಗ ಬೆಂಗಳೂರಿನಲ್ಲಿ, ಮಗಳು ಧಾರವಾಡದಲ್ಲಿ. ರಾಣೆಬೆನ್ನೂರಿನ ಮನೆಯನ್ನು ಮಾರಿಲ್ಲ, ಬಾಡಿಗೆಗೂ ಕೊಟ್ಟಿಲ್ಲ. ಮಳೆಗಾಲದಲ್ಲಿ ಬಂದು ಇರುತ್ತೇವೆ, ಸೋರುವ ಕಡೆ ಹೆಂಚು ಬದಲಿಸುತ್ತೇವೆ, ನೆಂಟರ ಮನೆಯ ಮದುವೆ ಮುಂಜಿ ಮುಗಿಸುತ್ತೇವೆ. ದಸರಾ ಕಳೆದ ಮೇಲೆ ಮತ್ತೆ ಗಾಡಿ ಹತ್ತುತ್ತೇವೆ.

"ಅಷ್ಟು ತಿರುಗುವ ಆಸೆ ಇದ್ದರೆ ಬಸ್ಸಿನಲ್ಲೇ ಹೋಗಬಹುದಲ್ಲ, ನಿಮಗೆ ಶಕ್ತಿ ಯೋಜನೆ ಇದೆ" ಎಂದು ತುಂಬಾ ಜನ ಹೇಳಿದರು. ನಿಜ, 2023ರ ಜೂನ್‌ನಿಂದ ನನಗೆ ಟಿಕೆಟ್ ಇಲ್ಲ. ಆದರೆ ಬಸ್ಸಿನಲ್ಲಿ ನಮ್ಮವರ ಪಕ್ಕ ಕೂರುವುದು ದೊಡ್ಡ ಶಿಕ್ಷೆ. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಇವರ ಕಾಲು ನೆಲ ಒತ್ತುತ್ತದೆ. ಗೇರ್ ಬದಲಾಯಿಸುವುದು ತಡವಾದರೆ "ಥರ್ಡಿಗೆ ಹಾಕೋ ಮಾರಾಯ" ಎಂದು ಗೊಣಗುತ್ತಾರೆ. ಅದಕ್ಕಿಂತ ಅವರೇ ಓಡಿಸಲಿ ಅಂತ ಗಾಡಿ ತಗೊಂಡೆವು.

ದುಡ್ಡಿನ ಮಾತಿಗೆ ಬರುತ್ತೇನೆ. ಟಿವಿಯಲ್ಲಿ ತೋರಿಸುವಂಥ ಫ್ರಿಜ್ಜು, ಬಾತ್‌ರೂಮು, ಸೋಲಾರ್ ಇರುವ ಗಾಡಿ ನಮ್ಮದಲ್ಲ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು, ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಹಿಂದಿನ ಸೀಟು ಮಡಚಿದರೆ ಉದ್ದಕ್ಕೆ ಜಾಗ ಸಿಗುತ್ತದೆ. ಅದರ ಮೇಲೆ ಎರಡು ತುಂಡು ಪ್ಲೈವುಡ್ ಹಲಗೆ, ಹಲಗೆಯ ಮೇಲೆ ತೆಳ್ಳಗಿನ ಗಾದಿ, ಗಾದಿಯ ಮೇಲೆ ನಮ್ಮತ್ತೆ ಹೊಲಿದ ಕೌದಿ. ಹಲಗೆಯ ಕೆಳಗೆ ಪ್ಲಾಸ್ಟಿಕ್ ಡಬ್ಬಗಳಲ್ಲಿ ಅಕ್ಕಿ, ಬೇಳೆ, ಅವಲಕ್ಕಿ, ಶೇಂಗಾ ಚಟ್ನಿಪುಡಿ. ಒಂದು 20 ಲೀಟರ್ ಕ್ಯಾನು, ಒಂದು ಕೊಡ. ಕಿಟಕಿಗೆ ಸೊಳ್ಳೆ ಪರದೆಯ ಬಟ್ಟೆ ಕತ್ತರಿಸಿ ಅಯಸ್ಕಾಂತ ಹೊಲಿದಿದ್ದೇನೆ, ಕಬ್ಬಿಣಕ್ಕೆ ಅದೇ ಅಂಟಿಕೊಳ್ಳುತ್ತದೆ. ಬಾಡಿ ಕೊಯ್ದು ಮಾರ್ಪಾಡು ಮಾಡುವ ಗೋಜಿಗೆ ಹೋಗಿಲ್ಲ. ಕಂಪನಿ ಕೊಟ್ಟ ರೂಪ ಬದಲಿಸಿದರೆ ಆರ್‌ಟಿಒ ಕಚೇರಿಗೆ ಅಲೆಯಬೇಕು, ಆ ಅಲೆದಾಟದಲ್ಲಿ ಯಾವ ಸುಖವೂ ಇಲ್ಲ.

ಓಮ್ನಿಯ ಒಂದು ದೋಷ ಹೇಳಲೇಬೇಕು. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಮಾರ್ಚ್ ತಿಂಗಳ ಮಧ್ಯಾಹ್ನ ಸಿಂಧನೂರು ಕಡೆ ಹೊರಟರೆ ಮೇಲಿಂದ ಬಿಸಿಲು, ಕೆಳಗಿಂದ ಎಂಜಿನ್, ನಡುವೆ ನಾವು ಹಂಚಿನ ಮೇಲಿನ ರೊಟ್ಟಿ ಥರ. ಹಾಗಾಗಿ ಬೆಳಿಗ್ಗೆ ಹತ್ತರೊಳಗೆ ಓಡಿಸಿ ಮುಗಿಸುತ್ತೇವೆ. ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಹೋದರೆ ಹೆಚ್ಚು. ಎಷ್ಟೋ ದಿನ ಗಾಡಿ ಅಲುಗುವುದೇ ಇಲ್ಲ. ಪೆಟ್ರೋಲ್ ಲೀಟರಿಗೆ ನೂರು ದಾಟಿದ್ದರೂ ನಮಗೆ ತಿಂಗಳ ಖರ್ಚು ಮನೆಯಲ್ಲಿದ್ದಷ್ಟೇ ಬರುತ್ತದೆ. ನನಗೆ ಪಿಂಚಣಿ ಬರುತ್ತದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಅದಿಲ್ಲದಿದ್ದರೆ ಈ ಪತ್ರ ಬೇರೆ ಥರ ಇರುತ್ತಿತ್ತು.

ಹಾಗಾದರೆ ಸುಖ ಯಾವುದು? ಪ್ರೇಕ್ಷಣೀಯ ಸ್ಥಳಗಳಂತೂ ಅಲ್ಲ. ಜೋಗ, ಹಂಪಿ, ಬೇಲೂರು ನಾನು ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದುಕೊಂಡು ಹೋಗಿ ತಲೆ ಎಣಿಸಿ ಎಣಿಸಿ ಸಾಕಾಗಿರುವ ಜಾಗಗಳು. ಈಗ ನಮಗೆ ಖುಷಿ ಕೊಡುವುದು ಸಂಜೆ ಹೊತ್ತು. ನಾಲ್ಕೂವರೆ ಐದಕ್ಕೆಲ್ಲ ಇವತ್ತು ಎಲ್ಲಿ ನಿಲ್ಲಿಸೋದು ಎಂಬ ಚರ್ಚೆ ಶುರುವಾಗುತ್ತದೆ. ಈ ಊರಿನ ಶಾಲೆಯ ಮುಂದೆಯಾ, ಮುಂದಿನ ಊರಿನ ಹನುಮಪ್ಪನ ಗುಡಿಯ ಹತ್ತಿರವಾ? ಅರಳಿಕಟ್ಟೆ ಇದೆಯಾ, ಬೋರ್‌ವೆಲ್ ಇದೆಯಾ, ಲೈಟು ಕಂಬ ಉರಿಯುತ್ತದಾ? ಇಳಿದು ಯಾರನ್ನಾದರೂ ಕೇಳಬೇಕು. ಕೇಳದೆ ನಿಲ್ಲಿಸಬಾರದು, ಅದು ನಮ್ಮವರ ಕಟ್ಟುನಿಟ್ಟು. ಕೇಳಿದ ಮೇಲೆ ಹತ್ತು ನಿಮಿಷದಲ್ಲಿ ಗಾಡಿಯ ಸುತ್ತ ನಾಲ್ಕು ಹುಡುಗರು, ಒಬ್ಬರು ಅಜ್ಜ. ಅಜ್ಜನ ಮೊದಲ ಪ್ರಶ್ನೆ ಯಾವ ಊರು, ಎರಡನೆಯದು ಯಾವ ಮಂದಿ, ಮೂರನೆಯದು ಮಕ್ಕಳು ನೋಡಿಕೊಳ್ಳುವುದಿಲ್ಲವಾ. ಎರಡನೆಯದಕ್ಕೆ ನಾನು ಮೇಷ್ಟ್ರ ಮಂದಿ ಅಂತ ಹೇಳಿ ಜಾರಿಕೊಳ್ಳುತ್ತೇನೆ. ಮೂರನೆಯದಕ್ಕೆ ಮಗನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದ್ದೂ ಇದೆ.

ಹೀಗೆ ನಿಲ್ಲುವುದನ್ನು ನಮ್ಮವರು ಕಲಿತಿದ್ದು ಬಸ್ಸಿನಲ್ಲಿ. ಈಗಿನವರಿಗೆ ವಸ್ತಿ ಬಸ್ಸು ಗೊತ್ತೋ ಇಲ್ಲವೋ. ರಾತ್ರಿ ಎಂಟು ಒಂಬತ್ತಕ್ಕೆ ಕೊನೆಯ ಹಳ್ಳಿಗೆ ಹೋಗಿ ನಿಂತು, ಬೆಳಿಗ್ಗೆ ಆರಕ್ಕೆ ಹಾಲಿನವರನ್ನೂ ಕಾಲೇಜು ಹುಡುಗರನ್ನೂ ಹತ್ತಿಸಿಕೊಂಡು ತಾಲೂಕಿಗೆ ಬರುವ ಗಾಡಿ ಅದು. ಡ್ರೈವರ್ ಕಂಡಕ್ಟರ್ ಇಬ್ಬರೂ ಬಸ್ಸಿನಲ್ಲೇ ಮಲಗಬೇಕು. ಎಷ್ಟೋ ಊರಲ್ಲಿ ಯಾರದೋ ಮನೆಯಿಂದ ರೊಟ್ಟಿ ಪಲ್ಯ ಬರುತ್ತಿತ್ತು, ಕೆಲವು ಊರಲ್ಲಿ ಕುಡಿಯಲು ನೀರೂ ಸಿಗುತ್ತಿರಲಿಲ್ಲ. ಯಾವ ಊರು ಎಂಥದ್ದು ಎನ್ನುವುದನ್ನು ಈಗಲೂ ಅವರು ಊರಿನ ದೇವಸ್ಥಾನದಿಂದಲ್ಲ, ಬಸ್ ನಿಲ್ಲುವ ಜಾಗದಿಂದ ಹೇಳುತ್ತಾರೆ. ಗಾಡಿಯ ಮೂತಿ ಯಾವಾಗಲೂ ರಸ್ತೆ ಕಡೆಗಿರಬೇಕು, ಇಳಿಜಾರಿನಲ್ಲಿದ್ದರೆ ಚಕ್ರಕ್ಕೆ ಕಲ್ಲು ಇಡಬೇಕು, ತೆಂಗಿನ ಮರದ ಕೆಳಗೆ ನಿಲ್ಲಿಸಬಾರದು, ಹಳ್ಳದ ಮರಳಿನಲ್ಲಿ ಎಷ್ಟೇ ಚೆಂದ ಕಂಡರೂ ಇಳಿಸಬಾರದು. ಇದೆಲ್ಲ ಅವರ ಪಾಠ. ನನ್ನದೂ ಒಂದಿದೆ: ಗಾಡಿಯೊಳಗೆ ಯಾವ ಕಾರಣಕ್ಕೂ ಒಲೆ ಹಚ್ಚಬಾರದು, ಬಾಗಿಲು ಮುಚ್ಚಿ ಎಂಜಿನ್ ಓಡಿಸುತ್ತಾ ನಿದ್ದೆ ಮಾಡಬಾರದು. ಹೊಗೆ ಕಾಣದಿದ್ದರೂ ವಿಷದ ಗಾಳಿ ತುಂಬಿ ಜೀವ ಹೋಗುತ್ತದೆ. ಹೊಸದಾಗಿ ಹೊರಡುವ ಹುಡುಗರು ಇದನ್ನು ದಯವಿಟ್ಟು ನೆನಪಿಡಿ.

ದಾರಿ ಹಿಡಿಯುವುದು ಹೇಗೆ ಎಂದು ಕೇಳುತ್ತಾರೆ. ನಮಗೆ ಮ್ಯಾಪಿಗಿಂತ ಜಾತ್ರೆಗಳ ಪಂಚಾಂಗವೇ ದಾರಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ. ಆಮೇಲೆ ಕೊಪ್ಪಳದ ಗವಿಮಠ. ಭಾರತ ಹುಣ್ಣಿಮೆ ಹೊತ್ತಿಗೆ ಮೈಲಾರದ ಕಾರ್ಣಿಕ. ಬನಶಂಕರಿ ಜಾತ್ರೆಗೆ ಹೋಗದವರು ಒಮ್ಮೆ ಹೋಗಬೇಕು. ತೇರು ಎಳೆದು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ಹೊಸ ಮನೆ ಕಟ್ಟಿಸುವವರು ಅಲ್ಲಿಗೆ ಬಂದು ಕೆತ್ತನೆಯ ಬಾಗಿಲು ಚೌಕಟ್ಟು ಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುತ್ತಾರೆ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಖಡಕ್ ರೊಟ್ಟಿ, ಕೆಂಪು ಚಟ್ನಿ, ಕಾಳು ಪಲ್ಯ, ಗಡಿಗೆಯ ಮೊಸರು ಹಾಕಿಕೊಡುತ್ತಾರೆ. ನೆಲದ ಮೇಲೆ ಕೂತು ಉಣ್ಣುವಾಗ "ಯವ್ವಾ, ಇನ್ನೊಂದು ರೊಟ್ಟಿ ಹಚ್ಚಿಕೋ" ಅಂತ ಒತ್ತಾಯ ಬೇರೆ. ಸಂಜೆಯಾದರೆ ನಾಟಕ ಕಂಪನಿಗಳ ಮೈಕು. ಒಂದು ಕಂಪನಿಯ ಹಾಸ್ಯದ ಮಾತು ಮುಗಿಯುವುದರೊಳಗೆ ಪಕ್ಕದ ಕಂಪನಿಯ ಹಾಡು ಅದರ ಮೇಲೆ ಬೀಳುತ್ತದೆ.

ಆ ಕಂಪನಿಯವರನ್ನು ಹತ್ತಿರದಿಂದ ನೋಡಿದ್ದು ನಮ್ಮ ಗಾಡಿಯ ಪಕ್ಕ ಅವರ ಲಾರಿ ನಿಂತಿದ್ದರಿಂದ. ರಾತ್ರಿ ರಾಜನ ಪಾರ್ಟು, ಬೆಳಿಗ್ಗೆ ಬಕೆಟ್ ಹಿಡಿದು ನೀರಿನ ಸಾಲು. ತಗಡಿನ ಗೋಡೆಯ ಹಿಂದೆ ಒಲೆ, ಹಗ್ಗದ ಮೇಲೆ ಒಂದು ಕಡೆ ಜರಿ ಸೀರೆ, ಇನ್ನೊಂದು ಕಡೆ ಮಗುವಿನ ಬಟ್ಟೆ. ಒಬ್ಬ ಹೆಣ್ಣುಮಗಳು, ಮುಖದ ಬಣ್ಣ ಇನ್ನೂ ಕಿವಿ ಹಿಂದೆ ಉಳಿದಿತ್ತು, ನನ್ನ ಹತ್ತಿರ ಬಂದು ಓಮ್ನಿಯ ಒಳಗೆ ಇಣುಕಿ "ಅಕ್ಕಾರ, ಭಾಳ ಅನುಕೂಲ ಮಾಡ್ಕೊಂಡೀರಿ, ಬಾಗಲಾ ಹಾಕ್ಕೋಬಹುದು" ಎಂದಳು. ಬಾಗಿಲು ಹಾಕಿಕೊಳ್ಳಬಹುದು ಎನ್ನುವುದು ಒಂದು ಅನುಕೂಲ ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಆಮೇಲೆ ಎಲ್ಲ ಕಡೆ ಅದನ್ನೇ ನೋಡತೊಡಗಿದೆ.

ನಡುವೆ ಒಂದು ಮಾತು, ಇದು ನಿಮಗೇ ಸಂಬಂಧಪಟ್ಟದ್ದು. ಊರು ಬದಲಾದ ಹಾಗೆ ನಿಮ್ಮ ಪೇಪರಿನ ಜಿಲ್ಲಾ ಪುಟವೂ ಬದಲಾಗುತ್ತದಲ್ಲ, ಅದನ್ನು ಓದುವುದು ನಮಗೊಂದು ಚಟ. ಗದಗದಲ್ಲಿದ್ದಾಗ ಮೆಣಸಿನಕಾಯಿ ದರ, ಕಾರವಾರದಲ್ಲಿ ಮೀನು ಮತ್ತು ಗುಡ್ಡ ಕುಸಿತ, ರಾಯಚೂರಿನಲ್ಲಿ ಕಾಲುವೆಯ ಕೊನೆಯ ಭಾಗಕ್ಕೆ ನೀರು ಬರಲಿಲ್ಲ ಎಂಬ ಪ್ರತಿಭಟನೆ. ಊರಲ್ಲಿ ಒಂದೇ ಪುಟ ಓದಿಕೊಂಡಿದ್ದಾಗ ನಮ್ಮ ಕಷ್ಟವೇ ರಾಜ್ಯದ ಕಷ್ಟ ಅಂದುಕೊಂಡಿದ್ದೆ.

ಈಗ ಕುರಿಯವರ ವಿಷಯ. ನವಲಗುಂದ, ನರಗುಂದದ ಎರಿ ಹೊಲಗಳಲ್ಲಿ ಕಡಲೆ, ಜೋಳ ಕಿತ್ತ ಮೇಲೆ ಚಿಕ್ಕೋಡಿ, ರಾಯಬಾಗ ಕಡೆಯ ಕುರಿಗಾಹಿಗಳು ಬರುತ್ತಾರೆ. ರಸ್ತೆಯಲ್ಲಿ ಹೋಗುವಾಗ ಕುರಿ ಅಡ್ಡ ಬಂದವು ಎಂದು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತೇವೆ, ಅಷ್ಟೇ ನಮಗೆ ಅವರ ಪರಿಚಯ. ಒಂದು ರಾತ್ರಿ ಅವರು ಇಳಿದುಕೊಂಡ ಹೊಲದ ಪಕ್ಕದಲ್ಲೇ ನಾವು ನಿಂತಿದ್ದೆವು. ಕುದುರೆಯ ಮೇಲಿಂದ ಮೊದಲು ಇಳಿದಿದ್ದು ಆಗಷ್ಟೇ ಹುಟ್ಟಿದ ಮರಿಗಳು, ಅವುಗಳ ಮುಖ ಮಾತ್ರ ಚೀಲದಿಂದ ಹೊರಗೆ. ಆಮೇಲೆ ಒಂದು ಕೋಳಿ, ಕಾಲು ಕಟ್ಟಿತ್ತು. ಆಮೇಲೆ ಪಾತ್ರೆ, ಹಿಟ್ಟಿನ ಚೀಲ, ಕಂಬಳಿ. ಗಂಡಸರು ಗೂಟ ಹೊಡೆದು ಸುತ್ತ ಬಲೆ ಕಟ್ಟಿ ಕುರಿಗಳನ್ನು ಒಳಗೆ ಹಾಕುವುದರೊಳಗೆ ಹೆಂಗಸರು ಮೂರು ಕಲ್ಲು ಹೂಡಿ ಒಲೆ ಹಚ್ಚಿಯೇಬಿಟ್ಟಿದ್ದರು. ನಾನು ಇನ್ನೂ ಸ್ಟವ್ ಹುಡುಕುತ್ತಿದ್ದೆ.

ರಾತ್ರಿಯಿಡೀ ಕುರಿ ತರುಬಿದರೆ ಹಿಕ್ಕೆ, ಗಂಜಲ ಎರಡೂ ಹೊಲಕ್ಕೆ ಬೀಳುತ್ತದೆ. ಗಾಡಿಯಲ್ಲಿ ಹೇರಿ ತಂದು ಹರಡುವ ಕೆಲಸವೇ ಇಲ್ಲ. ಅದಕ್ಕೆ ಹೊಲದವರು ಕಾಳು ಕೊಡುತ್ತಾರೆ, ಇಲ್ಲ ದುಡ್ಡು ಕೊಡುತ್ತಾರೆ. ನಾಳೆ ಪಕ್ಕದ ಹೊಲ, ನಾಡಿದ್ದು ಮುಂದಿನ ಊರು. ಯಾವ ಊರಲ್ಲಿ ಯಾವಾಗ ಪೈರು ಏಳುತ್ತದೆ, ಯಾವ ಹಳ್ಳದಲ್ಲಿ ಎಲ್ಲಿಯವರೆಗೆ ನೀರಿರುತ್ತದೆ, ಯಾವ ಗೌಡ ಒಳ್ಳೆಯವನು, ಎಲ್ಲವೂ ಅವರ ಬಾಯಲ್ಲಿದೆ. ನಮ್ಮವರು ಅವರ ಜೊತೆ ರಾತ್ರಿ ಹನ್ನೊಂದರವರೆಗೂ ಮಾತಾಡಿದರು. ಇಬ್ಬರು ಡ್ರೈವರುಗಳು ಸೇರಿದರೆ ಹೇಗೋ ಹಾಗೇ ಮಾತು: ಆ ತಿರುವು, ಈ ಸೇತುವೆ, ಅಲ್ಲಿ ನೀರಿಲ್ಲ, ಇಲ್ಲಿ ನಾಯಿ ಕಾಟ.

ಕುರಿಯವರ ಮನೆಯಾಕೆ ನನ್ನ ಪಕ್ಕ ಬಂದು ಕೂತು, ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದಳು. "ಮಕ್ಕಳ ಜೋಡಿ ಜಗಳ ಆಗೇತೇನ್ರಿ ಅಕ್ಕಾರ?" ನಾನು ಉತ್ತರ ಹುಡುಕುವುದರೊಳಗೆ ಆ ಕಡೆಯಿಂದ ನಮ್ಮವರೇ ಕೂಗಿದರು, "ಇಲ್ಲವಾ ತಂಗಿ, ಜಗಳ ಏನಿದ್ರೂ ನಮ್ಮಿಬ್ಬರದ!" ಅದೂ ನಿಜವೇ. ಮನೆಯಲ್ಲಾದರೆ ಜಗಳ ಆಡಿ ಅಡುಗೆಮನೆಗೆ ಹೋಗಬಹುದು, ಓಮ್ನಿಯಲ್ಲಿ ಹೋಗುವುದೆಲ್ಲಿಗೆ? ಒಬ್ಬರು ಇಳಿದು ಅರ್ಧ ಕಿಲೋಮೀಟರ್ ನಡೆದುಬಂದರೆ ಸರಿಹೋಗುತ್ತದೆ.

"ಮನಿ ಐತಿ, ಪಿಂಚಣಿ ಬರತೈತಿ, ಮತ್ತ ಯಾಕ ಬಂದೀರಿ?" ಎಂದು ಆಕೆ ಮತ್ತೆ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಸುಮ್ನೆ ಅಂದೆ. ಆಕೆ ನಕ್ಕಳು. ನಿಮ್ಮ ಓದುಗರ ಪ್ರಶ್ನೆಯೂ ಅದೇ ಅಲ್ವಾ? ಈಗ ಯೋಚಿಸಿ ಹೇಳುವುದಾದರೆ ಇಷ್ಟು. ಮನೆಯಲ್ಲಿದ್ದಾಗ ಇವತ್ತು ನಿನ್ನೆಯ ಹಾಗೇ ಇರುತ್ತದೆ ಎಂದು ಬೆಳಿಗ್ಗೆಯೇ ಗೊತ್ತು. ಇಲ್ಲಿ ಸಂಜೆ ಯಾರ ಕೈಯಿಂದ ನೀರು ಕುಡಿಯುತ್ತೇವೆ ಎಂಬುದೂ ಗೊತ್ತಿರುವುದಿಲ್ಲ. ಈ ವಯಸ್ಸಿನಲ್ಲಿ ಅದು ಒಳ್ಳೆಯದು, ನಿದ್ದೆ ಚೆನ್ನಾಗಿ ಬರುತ್ತದೆ, ಮಂಡಿ ನೋವೂ ಕಡಿಮೆ ಅನಿಸುತ್ತದೆ. ಡಾಕ್ಟರು ಒಪ್ಪುವುದಿಲ್ಲ, ಬಿಡಿ.

ಆದರೆ ಅವತ್ತು ರಾತ್ರಿ ನಡೆದದ್ದು ಕೇಳಿ. ಮಧ್ಯರಾತ್ರಿ ಕಳೆದ ಮೇಲೆ ಬೈಕಿನಲ್ಲಿ ಇಬ್ಬರು ಬಂದರು. ಊರಿನವರೋ, ಗಸ್ತಿನವರೋ, ಹೇಳಲಿಲ್ಲ. ಮೊದಲು ನಮ್ಮ ಗಾಡಿಗೆ ಟಾರ್ಚ್ ಬಿಟ್ಟರು. ಆಧಾರ್ ತೋರಿಸಿದೆವು, ನಾನು ಮೇಡಂ ಆಗಿದ್ದವಳು ಅಂದೆ. ತಕ್ಷಣ ದನಿ ಬದಲಾಯಿತು. "ಇಲ್ಲ್ಯಾಕ ಮಲಗೀರಿ ಮೇಡಮ್ಮಾರ, ಊರಾಗ ಬರ್ರಿ, ಸಾಲಿ ಬೀಗ ತೆಗಸ್ತೀವಿ, ಚಾ ಕುಡೀರಿ" ಎಂದರು. ಆಮೇಲೆ ಕುರಿಯವರ ಕಡೆ ತಿರುಗಿದರು. ಹೊಲದ ಮಾಲೀಕನೇ ಕರೆಸಿದ್ದಾನೆ ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಎಷ್ಟು ಜನ, ಏನು ಕದ್ದಿದ್ದೀರಿ, ಬೆಳಗಾಗುವುದರೊಳಗೆ ಜಾಗ ಖಾಲಿ ಮಾಡಿ. ಅದೇ ನೆಲ, ಅದೇ ರಾತ್ರಿ. ರಸ್ತೆ ಮೇಲಿನ ಬದುಕಿನಲ್ಲಿ ಅವರು ತಲೆಮಾರುಗಳಿಂದ ಇದ್ದಾರೆ, ನಾವು ನಿನ್ನೆ ಮೊನ್ನೆ ಬಂದವರು. ಚಹಾ ಸಿಕ್ಕಿದ್ದು ನಮಗೆ.

ಇದಕ್ಕೆ ಆ ಇಬ್ಬರನ್ನು ಬೈದು ಪ್ರಯೋಜನವಿಲ್ಲ. ತಿರುಗುವವರೆಂದರೆ ಕಳ್ಳರು ಎನ್ನುವುದನ್ನು ಕಾನೂನೇ ಹೇಳಿಕೊಟ್ಟಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಹುಟ್ಟಿದ ಜಾತಿಯ ಕಾರಣಕ್ಕೇ ಜನರನ್ನು ಅಪರಾಧಿಗಳ ಪಟ್ಟಿಗೆ ಸೇರಿಸಿದರು. ಆಮೇಲೆ ಅದು ನಮ್ಮ ಕಡೆಗೂ ಬಂತು. ಪಟ್ಟಿಯಲ್ಲಿದ್ದವರು ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಬಡಾವಣೆ ಇದೆಯಲ್ಲ, ಅದು ಅಂಥವರನ್ನು ಬೇಲಿಯೊಳಗೆ ಇಟ್ಟಿದ್ದ ಜಾಗ. ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ರಂದು, ಸ್ವಾತಂತ್ರ್ಯ ಬಂದು ಐದು ವರ್ಷ ಕಳೆದ ಮೇಲೆ. ಲಂಬಾಣಿಗರು ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವಿಡೀ ಸಾಗಿಸುತ್ತಿದ್ದವರು. ರೈಲು ಬಂದಮೇಲೆ ಆ ಕಸುಬು ಹೋಯಿತು, ಹಿಂದೆಯೇ ಈ ಕಾಯ್ದೆ. ನಾನು ತರಗತಿಯಲ್ಲಿ ರೈಲು ಬಂದಿದ್ದನ್ನು ಪ್ರಗತಿ ಎಂಬ ಪಾಠದಲ್ಲಿ ಮಾಡುತ್ತಿದ್ದೆ. ಪುಸ್ತಕದಲ್ಲಿ ಹಾಗೇ ಇತ್ತು.

ಹೆಳವರನ್ನು ನೀವು ನೋಡಿರಬಹುದು. ಮೊದಲೆಲ್ಲ ಗಂಟೆ ಕಟ್ಟಿದ ಎತ್ತಿನ ಮೇಲೆ ಬರುತ್ತಿದ್ದರು, ಈಗ ಟೆಂಪೊದಲ್ಲೂ ಬರುತ್ತಾರೆ. ಮನೆ ಮುಂದೆ ನಿಂತು ನಮ್ಮ ಮುತ್ತಜ್ಜನ ಅಪ್ಪನ ಹೆಸರಿನಿಂದ ಹಿಡಿದು ಯಾರ ಮಗಳು ಯಾವ ಊರಿಗೆ ಹೋದಳು ಎನ್ನುವವರೆಗೆ ವಂಶಾವಳಿ ಹೇಳುತ್ತಾರೆ, ಹೊಸ ಕೂಸುಗಳ ಹೆಸರು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ, ಕಾಳು ಕಡಿ ತಗೊಂಡು ಹೋಗುತ್ತಾರೆ. ಒಂದೇ ಮನೆಯಲ್ಲಿ ಕುಂತ ನಮಗೆ ನಮ್ಮ ಅಜ್ಜನ ಅಪ್ಪನ ಹೆಸರು ಗೊತ್ತಿಲ್ಲ, ಊರಿಲ್ಲದ ಅವರಿಗೆ ಗೊತ್ತು. ಅವರಿಗೂ ಅಷ್ಟೆ, ರಾತ್ರಿ ನಿಲ್ಲಲು ಒಂದು ಜಾಗಕ್ಕೆ ಹತ್ತು ಜನರ ಕಾಲು ಹಿಡಿಯಬೇಕು.

ಹಳಬರಿಗೆ ಇದರ ಅರಿವಿತ್ತು ಅಂತ ಕಾಣುತ್ತದೆ. ದಾರಿಯಲ್ಲಿ ಅರವಟ್ಟಿಗೆ, ಛತ್ರ, ಕಲ್ಯಾಣಿ. ತಲೆಹೊರೆ ಇಳಿಸಲು ಎರಡು ಕಂಬದ ಮೇಲೆ ಅಡ್ಡ ಚಪ್ಪಡಿ ಇಟ್ಟ ಹೊರೆಗಲ್ಲು, ಬೇರೆಯವರ ಸಹಾಯವಿಲ್ಲದೆ ಹೊರೆಯನ್ನು ಇಳಿಸಿ ಮತ್ತೆ ಹೊತ್ತುಕೊಳ್ಳುವಷ್ಟೇ ಎತ್ತರ. ಹಳೇ ರಸ್ತೆಗಳ ಪಕ್ಕ ಈಗಲೂ ಅಲ್ಲಲ್ಲಿ ಸಿಗುತ್ತವೆ, ಕೆಲವಕ್ಕೆ ಕುಂಕುಮ ಹಚ್ಚಿ ದೇವರು ಮಾಡಿದ್ದಾರೆ. ಮಾಗಡಿ ತಾಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ತಿಮ್ಮಕ್ಕ ದಂಪತಿ ಬೆಳೆಸಿದ ಆಲದ ಮರಗಳ ಕೆಳಗೆ ಮಧ್ಯಾಹ್ನ ಗಾಡಿ ನಿಲ್ಲಿಸಿ ನೋಡಿ, ಓಮ್ನಿಯ ತಗಡು ತಣ್ಣಗಾಗುವುದು ಕೈಗೇ ಗೊತ್ತಾಗುತ್ತದೆ. ಈಗಿನ ಹೆದ್ದಾರಿಗಳಲ್ಲಿ ನೂರರ ವೇಗದಲ್ಲಿ ಹೋಗಬಹುದು, ನಿಲ್ಲುವ ಹಾಗಿಲ್ಲ. ನಿಂತರೆ ಹಿಂದಿನಿಂದ ಲಾರಿ ಗುದ್ದುತ್ತದೆ.

ಹೆಂಗಸಾಗಿ ಒಂದು ವಿಷಯ ಬಿಡಿಸಿ ಹೇಳಬೇಕು. ವಿಡಿಯೊಗಳಲ್ಲಿ ಸೂರ್ಯಾಸ್ತ ತೋರಿಸುತ್ತಾರೆ, ಶೌಚಾಲಯ ತೋರಿಸುವುದಿಲ್ಲ. ನನ್ನ ದಿನದ ಲೆಕ್ಕಾಚಾರ ಶುರುವಾಗುವುದೇ ಅಲ್ಲಿಂದ. ಪೆಟ್ರೋಲ್ ಬಂಕಿನಲ್ಲಿ ಗಾಳಿ, ಕುಡಿಯುವ ನೀರು, ಶೌಚಾಲಯ ಗ್ರಾಹಕರಿಗೆ ಪುಕ್ಕಟೆ ಕೊಡಬೇಕು ಎಂದು ತೈಲ ಕಂಪನಿಗಳ ನಿಯಮವೇ ಇದೆ. ಎಷ್ಟೋ ಕಡೆ ಒಳ್ಳೆಯದಾಗಿಯೇ ಇರುತ್ತದೆ. ಆದರೆ ಒಂದು ಬಂಕಿನಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ, ಒಳಗೆ ಆಯಿಲ್ ಡಬ್ಬ ಜೋಡಿಸಿಟ್ಟಿದ್ದರು. ಕೀ ಯಾರ ಹತ್ತಿರ ಎಂದರೆ ಮ್ಯಾನೇಜರ್ ಊರಿಗೆ ಹೋಗಿದ್ದಾರೆ ಎಂಬ ಉತ್ತರ. ಇಂಥ ಭಯಕ್ಕೆ ಎಷ್ಟೋ ಹೆಂಗಸರು ಪ್ರಯಾಣದಲ್ಲಿ ನೀರೇ ಕುಡಿಯುವುದಿಲ್ಲ, ಆಮೇಲೆ ಉರಿಮೂತ್ರ ಎಂದು ಆಸ್ಪತ್ರೆ. ನಾನು ಕುಡಿಯುತ್ತೇನೆ, ಬೀಗ ತೆಗೆಸಿಯೇ ತೆಗೆಸುತ್ತೇನೆ. ಮೇಷ್ಟ್ರ ಗಂಟಲು ಅದಕ್ಕಾದರೂ ಉಪಯೋಗಕ್ಕೆ ಬರಲಿ.

ಉಳಿದದ್ದೆಲ್ಲ ಈಗ ಸುಲಭ. 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಬಂಕುಗಳಲ್ಲೇ ಸಿಗುತ್ತದೆ, ವಿಳಾಸದ ಪುರಾವೆ ಕೇಳುವುದಿಲ್ಲ. ಬಿಪಿ ಮಾತ್ರೆ ಜನೌಷಧಿ ಅಂಗಡಿಯಲ್ಲಿ. ನವೆಂಬರ್‌ನಲ್ಲಿ ಬದುಕಿದ್ದೇವೆ ಎಂದು ಸರ್ಟಿಫಿಕೇಟ್ ಕೊಡುವುದಕ್ಕೆ ಮಾತ್ರ ಬ್ಯಾಂಕಿಗೆ ಹೋಗಿ ಮುಖ ತೋರಿಸಿ ಬರುತ್ತೇವೆ, ಮಗಳ ಮನೆಯಲ್ಲಿ ಎರಡು ದಿನ ಇದ್ದ ಹಾಗೂ ಆಗುತ್ತದೆ.

ಇನ್ನು ನಾನು ಈ ಪತ್ರ ಬರೆದ ಮುಖ್ಯ ಕಾರಣ. ಕ್ಯಾರವಾನ್ ಪ್ರವಾಸ ಎಂದು ಸರ್ಕಾರಗಳು ಮಾತಾಡತೊಡಗಿವೆ. ಕೇರಳ 2021ರಲ್ಲೇ ಅದಕ್ಕೊಂದು ನೀತಿ ತಂದಿತು, ಅಲ್ಲಿ ಕ್ಯಾರವಾನ್ ಪಾರ್ಕುಗಳೂ ಆಗುತ್ತಿವೆ. ನಮ್ಮಲ್ಲೂ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಹುಲ್ಲುಹಾಸು, ರೆಸ್ಟೋರೆಂಟ್, ರಾತ್ರಿಗೆ ಸಾವಿರಾರು ರೂಪಾಯಿ ಎಂದರೆ ನಮ್ಮಂಥವರು ಗೇಟಿನ ಹೊರಗೇ. ಕುರಿಯವರನ್ನಂತೂ ಗೇಟಿನ ಹತ್ತಿರವೂ ಬಿಡುವುದಿಲ್ಲ.

ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ದೊಡ್ಡ ಹಳ್ಳಿಗಳಲ್ಲಿ, ಹೋಬಳಿ ಊರುಗಳಲ್ಲಿ ಸಂತೆ ಮೈದಾನ ಇದೆ. ಸಂತೆ ವಾರಕ್ಕೆ ಒಂದೇ ದಿನ. ಉಳಿದ ಆರು ದಿನ ಅಲ್ಲಿ ಹಂದಿ, ನಾಯಿ, ಸಂಜೆ ಇಸ್ಪೀಟು. ಎಷ್ಟೋ ಕಡೆ ಸಿಮೆಂಟ್ ಕಟ್ಟೆ, ತಗಡಿನ ಶೆಡ್ಡು ಇವೆ, ಒಂದು ಟ್ಯಾಂಕೂ ಇರುತ್ತದೆ. ಕಾಂಪೌಂಡ್ ಹಾಕಿ ಗೇಟಿಗೆ ಬೀಗ ಜಡಿದಿರುತ್ತಾರೆ. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ತಾಲೂಕಿಗೆ ಎರಡು ಪಂಚಾಯಿತಿಯವರಾದರೂ ಸಂತೆ ಇಲ್ಲದ ರಾತ್ರಿಗಳಲ್ಲಿ ಆ ಗೇಟು ತೆಗೆದಿಟ್ಟು, ಎರಡು ಶೌಚಾಲಯ, ಒಂದು ನಲ್ಲಿ, ಒಂದು ದೊಡ್ಡ ಲೈಟು ಹಾಕಿದರೆ ಸಾಕು. ಬಂದವರ ಹೆಸರು, ಫೋನ್ ನಂಬರು ಒಂದು ಪುಸ್ತಕದಲ್ಲಿ ಬರೆಸಿಕೊಳ್ಳಲಿ. ಪುಸ್ತಕದಲ್ಲಿ ಹೆಸರಿದ್ದವರನ್ನು ಮಧ್ಯರಾತ್ರಿ ಯಾರೂ ಎಬ್ಬಿಸಬಾರದು, ಅದು ಓಮ್ನಿಯವರಿರಲಿ, ಹೆಳವರಿರಲಿ, ನಾಟಕ ಕಂಪನಿಯ ಲಾರಿ ಇರಲಿ, ಧರ್ಮಸ್ಥಳಕ್ಕೆ ನಡೆದು ಹೋಗುವವರಿರಲಿ, ಕಬ್ಬು ಕಡಿಯಲು ಹೊರಟ ಗ್ಯಾಂಗಿನವರಿರಲಿ. ಒಂದು ಮೂಲೆಯಲ್ಲಿ ಕುರಿ ತರುಬಲು ಜಾಗ ಬಿಟ್ಟರಾಯಿತು.

ಗಲೀಜಾಗುತ್ತದೆ ಎಂದು ಕೆಲವರು ಅನ್ನುತ್ತಾರೆ. ಸಂತೆ ಮುಗಿದ ಮರುದಿನ ಮೈದಾನ ಹೇಗಿರುತ್ತದೆ ಎಂದು ಒಮ್ಮೆ ನೋಡಿ ಬಂದು ಆಮೇಲೆ ಹೇಳಲಿ. ಕಳ್ಳತನವಾಗುತ್ತದೆ ಎನ್ನುವವರಿಗೆ, ಹೆಸರು ಬರೆಸಿ ಬೆಳಕಿನಲ್ಲಿ ಮಲಗುವವನು ಕದಿಯುತ್ತಾನಾ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಕಸಗುಡಿಸಲು ಒಬ್ಬರನ್ನು ಇಡಬೇಕಾಗುತ್ತದೆ, ಕರೆಂಟ್ ಬಿಲ್ಲು ಬರುತ್ತದೆ, ಅದಕ್ಕೆ ದುಡ್ಡು ಬೇಕು, ಒಪ್ಪುತ್ತೇನೆ. ನಮ್ಮಂಥ ಗಾಡಿಯವರ ಹತ್ತಿರ ರಾತ್ರಿಗೆ ನೂರು ರೂಪಾಯಿ ತಗೊಳ್ಳಿ, ಖುಷಿಯಿಂದ ಕೊಡುತ್ತೇವೆ. ದೊಡ್ಡ ಕ್ಯಾರವಾನಿನವರ ಹತ್ತಿರ ಐನೂರು ಕೇಳಿ. ನಡೆದು ಬಂದವರಿಗೆ ಬೇಡ. ಕುರಿಯವರ ಹತ್ತಿರವೂ ಬೇಡ, ಅವರು ಬೆಳಿಗ್ಗೆ ಬಿಟ್ಟು ಹೋಗುವ ಗೊಬ್ಬರವನ್ನು ಪಂಚಾಯಿತಿಯವರು ಹರಾಜು ಹಾಕಿಕೊಳ್ಳಲಿ.

ಇತಿ,
ನಿವೃತ್ತ ಶಿಕ್ಷಕಿ, ರಾಣೆಬೆನ್ನೂರು
(ಪತ್ರ ಉದ್ದವಾಗಿದ್ದರೆ ಕತ್ತರಿ ಹಾಕಿ. ಶೌಚಾಲಯದ ಭಾಗ ಮಾತ್ರ ಕತ್ತರಿಸಬೇಡಿ.)